ಮರ್ಯಾದೆಗೆ ಬರೆದ ಒಂದು

ಅರ್ಥವಾಗದಿದ್ದರೂ ‘ಗೊತ್ತಾಯ್ತು’ ಎನ್ನುವ ಅಭ್ಯಾಸ ನನಗೆ ಶಾಲೆಯಲ್ಲೇ ಅಂಟಿಕೊಂಡಿತ್ತು. ಹಾಗೆ ಅಂದುಬಿಟ್ಟರೆ ಮೇಷ್ಟ್ರು ನನ್ನನ್ನು ಬಿಟ್ಟು ಮುಂದಿನ ಹುಡುಗನ ಕಡೆ ಹೋಗುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ತುಮಕೂರಿನ ಒಂದು ಹೋಟೆಲಿನ ಅಡುಗೆಮನೆ ಸೇರಿದೆ. ಅಭ್ಯಾಸ ಮಾತ್ರ ನನ್ನ ಜೊತೆ ಸಿಡ್ನಿಯವರೆಗೂ ಬಂತು. ಅದರಿಂದ ನನ್ನ ಅಕ್ಕನಿಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕ ಓದಿದವಳು, ನನಗಿಂತ ಬಹಳ ಮೊದಲೇ ಇಲ್ಲಿಗೆ ಬಂದವಳು. ನಾರ್ವೆಸ್ಟ್‌ನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ, ಭಾವ ಮತ್ತು ಮಗುವಿನ ಜೊತೆ ದಿ ಪಾಂಡ್ಸ್‌ನಲ್ಲಿ ಮನೆ. ಹ್ಯಾರಿಸ್ ಪಾರ್ಕ್‌ನಲ್ಲಿ ಹೋಟೆಲಿಟ್ಟಿದ್ದ ಕನ್ನಡದ ಹಿರಿಯರೊಬ್ಬರ ಹತ್ತಿರ ಮಾತಾಡಿ ನನಗೆ ಅಡುಗೆಯವನ ವೀಸಾ ಕೊಡಿಸಿದವಳು ಅವಳೇ. ಆ ಹಿರಿಯರನ್ನು ನಾವೆಲ್ಲ ಅಂಕಲ್ ಎನ್ನುತ್ತಿದ್ದೆವು. ಮುಂದೆ ನನಗೆ ಇಲ್ಲೇ ಕಾಯಂ ಇರಲು ಪಿಆರ್ ಸಿಕ್ಕಿದ್ದೂ ಅವರ ಹೋಟೆಲಿನ ಕೆಲಸದಿಂದಲೇ. ನಾನು ಅಕ್ಕನ ಮನೆಯ ಹಿಂದಿನ ರೂಮಿನಲ್ಲಿದ್ದೆ. ಅಂಕಲ್ ಮನೆ ಅದೇ ಸಬರ್ಬಿನಲ್ಲಿ, ಎರಡು ರಸ್ತೆ ಆಚೆ.

ಅಕ್ಕ ಒಂದು ಪಕ್ಷದ ನಮ್ಮ ಕಡೆಯ ಬ್ರಾಂಚಿಗೆ ಸೇರಿದ್ದಳು. ಮೀಟಿಂಗಿಗೆ ಎಲ್ಲರಿಗಿಂತ ಮುಂಚೆ ಹೋಗಿ ಕುರ್ಚಿ ಹಾಕುವುದು, ಚಳಿಯಲ್ಲಿ ಸ್ಟೇಷನ್ ಮುಂದೆ ನಿಂತು ಪಕ್ಷದ ಕಾಗದ ಹಂಚುವುದು, ಹೀಗೆ ವರ್ಷಗಟ್ಟಲೆ ದುಡಿದಳು. ಕೌನ್ಸಿಲ್ ಚುನಾವಣೆ, ಎಂದರೆ ನಮ್ಮಲ್ಲಿಯ ನಗರಸಭೆ ಚುನಾವಣೆಯಂಥದ್ದು, ಬಂದಾಗ ತಾನು ನಿಲ್ಲುತ್ತೇನೆ ಎಂದಳು. ನಮ್ಮ ಮನೆಯಲ್ಲಿ ಹೆಣ್ಣುಮಗಳೊಬ್ಬಳು ತನಗಾಗಿ ಏನನ್ನಾದರೂ ಬಾಯಿಬಿಟ್ಟು ಕೇಳಿದ್ದನ್ನು ನಾನು ಅಂದೇ ಮೊದಲು ಕಂಡದ್ದು.

ವಾರ್ಡಿಗೆ ಪಕ್ಷದಿಂದ ಯಾರು ನಿಲ್ಲಬೇಕು ಎಂಬುದನ್ನು ಬ್ರಾಂಚಿನ ಮೆಂಬರ್‌ಗಳೇ ವೋಟು ಹಾಕಿ ಆರಿಸಬೇಕಿತ್ತು. ಇಲ್ಲಿ ಅದಕ್ಕೆ ಪ್ರಿಸೆಲೆಕ್ಷನ್ ಎನ್ನುತ್ತಾರೆ. ಮೂವರು ಹೆಸರು ಕೊಟ್ಟರು: ಹಳೆಯ ಮೆಂಬರ್ ಆಗಿದ್ದ ಒಬ್ಬ ಬಿಳಿಯ ಲಾಯರು, ನಮ್ಮಕ್ಕ, ಮತ್ತು ಕೊನೆಯ ದಿನ ಅದೇ ಬ್ರಾಂಚಿನಲ್ಲಿದ್ದ ಅಂಕಲ್. ನಾಲ್ಕು ಜನ ಹೇಳಿದರೆಂದು ಅಂಕಲ್ ನಿಂತಿದ್ದರು. ಅವರ ಹೋಟೆಲಿನಲ್ಲಿ ಊಟ ಮಾಡಿದವರೇ ಆ ನಾಲ್ಕು ಜನ.

ಅಕ್ಕ ನನ್ನನ್ನೂ ಮೆಂಬರ್ ಮಾಡಿಸಿದ್ದಳು. ವೋಟು ಹೇಗೆ ಹಾಕಬೇಕೆಂದು ಊಟದ ಮೇಜಿನ ಮೇಲೆ ಮೂರು ಬಟ್ಟಲಿಟ್ಟು, ಕಡಲೆಕಾಳು ಹಾಕಿ ತೋರಿಸಿದಳು. ಮೂರು ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಬರೆಯಬೇಕು. ಮೊದಲು ಎಲ್ಲರ ಒಂದನ್ನು ಮಾತ್ರ ಎಣಿಸುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ತೆಗೆದುಬಿಡುತ್ತಾರೆ. ಅವರ ಕಾಗದಗಳಲ್ಲಿ ಎರಡು ಯಾರಿಗಿದೆಯೋ ಅವರಿಗೆ ಆ ವೋಟು ಸೇರುತ್ತದೆ. ಅವಳು ಒಂದು ಬಟ್ಟಲನ್ನು ಉಳಿದೆರಡಕ್ಕೆ ಸುರಿದು, ‘ಗೊತ್ತಾಯ್ತಾ?’ ಎಂದಳು. ನಾನು ಗೊತ್ತಾಯ್ತು ಎಂದೆ.

ನನಗೆ ಆದ ಅರ್ಥ ಬೇರೆ. ಒಂದು ಎಂದರೆ ದೊಡ್ಡ ವೋಟು, ಎರಡು ಎಂದರೆ ಸ್ವಲ್ಪ ಚಿಕ್ಕ ವೋಟು, ಕೊನೆಗೆ ಎಲ್ಲ ಕೂಡಿಸುತ್ತಾರೆ ಎಂದುಕೊಂಡೆ. ಹಬ್ಬದ ದಿನ ಹಿರಿಯರ ಎಲೆಗೆ ಮೊದಲು ಬಡಿಸಿದರೂ ಕಿರಿಯರ ಎಲೆಗೂ ಬೀಳುತ್ತದಲ್ಲ, ಹಾಗೆ.

ವೋಟಿನ ದಿನ ಬೆಳಿಗ್ಗೆ ಹೋಟೆಲಿನಲ್ಲಿ ಅಂಕಲ್ ನನ್ನ ಪಕ್ಕ ನಿಂತು ಈರುಳ್ಳಿ ಹೆಚ್ಚುತ್ತಾ ನಕ್ಕರು. ‘ನಿಮ್ಮಕ್ಕ ಗೆಲ್ತಾಳೆ ಬಿಡೋ. ನಾನು ಸುಮ್ನೆ ನಿಂತ್ಕೊಂಡೆ. ಪೂರ್ತಿ ಸೊನ್ನೆ ಬಂದ್ರೆ ನಿಮ್ಮ ಆಂಟಿ ಮನೇಲಿ ಅನ್ನ ಹಾಕಲ್ಲ. ಸ್ವಲ್ಪ ಮರ್ಯಾದೆ ಉಳಿದ್ರೆ ಸಾಕಪ್ಪಾ.’ ನನಗೇ ಹಾಕು ಎಂದು ಅವರು ಕೇಳಲಿಲ್ಲ. ಅವರು ಕೇಳಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ, ಅಕ್ಕನಿಗೆ ಹಾಕುತ್ತೇನೆ ಎನ್ನಬಹುದಿತ್ತು. ಕೇಳದವರ ಮುಂದೆ ನಮ್ಮವರಿಗೆ ದಾಕ್ಷಿಣ್ಯ ಹೆಚ್ಚು.

ಮೀಟಿಂಗಿನ ಹಾಲ್‌ನಲ್ಲಿ ವೋಟಿನ ಕಾಗದ ಕೈಗೆ ಬಂದಾಗ ಅಂಕಲ್ ಹೆಸರಿನ ಮುಂದೆ ಒಂದು ಬರೆದೆ. ಅಕ್ಕನಿಗೆ ಎರಡು. ಇಬ್ಬರಿಗೂ ಸಲ್ಲುವಂತೆ ಮಾಡಿದೆ ಎಂಬ ಸಮಾಧಾನದಿಂದ ಕಾಗದ ಮಡಿಸಿ ಡಬ್ಬಿಗೆ ಹಾಕಿದೆ.

ಎಣಿಸಿದವರು ಒಬ್ಬ ಮುದುಕಿ. ಹಿಂದೆ ಟೀಚರ್ ಆಗಿದ್ದವರಂತೆ. ಕಾಗದಗಳನ್ನು ಮೂರು ಗುಡ್ಡೆ ಮಾಡಿದರು. ಲಾಯರದು ದೊಡ್ಡದು, ಆದರೆ ಅರ್ಧ ಮುಟ್ಟಿರಲಿಲ್ಲ. ಉಳಿದೆರಡು ಹೆಚ್ಚುಕಡಿಮೆ ಒಂದೇ ಎತ್ತರ. ಅವನ್ನು ಮತ್ತೆ ಎಣಿಸಿದರು. ಅಂಕಲ್‌ಗಿಂತ ಅಕ್ಕನಿಗೆ ಒಂದು ಕಡಿಮೆ. ಆಕೆ ಅಕ್ಕನ ಗುಡ್ಡೆಯನ್ನೇ ಎತ್ತಿಕೊಂಡು ಉಳಿದಿಬ್ಬರಿಗೆ ಹಂಚತೊಡಗಿದಾಗ ನನಗೆ ಬಟ್ಟಲುಗಳು ಅರ್ಥವಾದವು.

ಅಂಕಲ್ ಗುಡ್ಡೆಯ ಮೇಲಿನ ಕಾಗದಗಳು ನಾನು ನಿಂತಲ್ಲಿಗೇ ಕಾಣುತ್ತಿದ್ದವು. ಒಂದಾದ ಮೇಲೊಂದರಲ್ಲಿ ಅಕ್ಕನ ಹೆಸರಿನ ಮುಂದೆ ಎರಡು. ಅದನ್ನು ಯಾರೂ ನೋಡುತ್ತಲೇ ಇರಲಿಲ್ಲ. ನನ್ನ ಹರಕು ಇಂಗ್ಲಿಷಿನಲ್ಲಿ ಆಕೆಯನ್ನು ಕೇಳಿದೆ, ಈ ಎರಡುಗಳನ್ನು ಯಾವಾಗ ಎಣಿಸುತ್ತೀರಿ ಎಂದು. ಈ ಗುಡ್ಡೆಯವರು ಮೊದಲ ಸುತ್ತಿನಲ್ಲಿ ಹೊರಬಿದ್ದಿದ್ದರೆ ಎಣಿಸುತ್ತಿದ್ದೆ, ಈಗ ಎಣಿಸುವ ಹಾಗಿಲ್ಲ ಎಂದು ಆಕೆ ಮೆಲ್ಲಗೆ ಹೇಳಿದರು. ಅಕ್ಕನ ಕಾಗದಗಳು ಇಬ್ಬರಿಗೂ ಹಂಚಿಹೋಗಿ ಲಾಯರು ಗೆದ್ದ. ಅಂಕಲ್ ಹೊರಬಿದ್ದಿದ್ದರೆ ಅವರ ಗುಡ್ಡೆ ಹೆಚ್ಚುಪಾಲು ಅಕ್ಕನಿಗೇ ಬರುತ್ತಿತ್ತು, ಗೆಲ್ಲುತ್ತಿದ್ದವಳು ಅವಳು. ಅಲ್ಲಿದ್ದ ಹೆಚ್ಚಿನವರಿಗೆ ಅವಳು ಬೇಡವಾದವಳಲ್ಲ. ಆದರೂ ಎಲ್ಲರಿಗಿಂತ ಮೊದಲು ಹೋದವಳು ಅವಳು.

ಕಾರಿನಲ್ಲಿ ಬರುವಾಗ ಅಕ್ಕ ಅಳಲಿಲ್ಲ. ‘ಒಂದೇ ಒಂದು ಕಣೋ. ಯಾರೋ ಒಬ್ಬರು’ ಎಂದಳು. ಸಿಗ್ನಲ್ಲಿನಲ್ಲಿ ನಿಂತಾಗ ತನ್ನ ಗೆಳತಿಯೊಬ್ಬಳ ಹೆಸರು ಹೇಳಿದಳು. ಆಕೆ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ನರ್ಸ್, ಅಕ್ಕನ ಜೊತೆಗೇ ಬ್ರಾಂಚ್ ಸೇರಿದವರು. ಸ್ವಲ್ಪ ದಿನದ ಹಿಂದೆ ಚರ್ಚಿನಲ್ಲಿ ನಡೆದ ಆಕೆಯ ಮಗಳ ಕಮ್ಯೂನಿಯನ್ ಶಾಸ್ತ್ರದ ಊಟವನ್ನು ನಮ್ಮ ಅಂಕಲ್ಲೇ ಮಾಡಿಸಿಕೊಟ್ಟಿದ್ದರು.

‘ಅವಳೇ ಅಂಕಲ್‌ಗೆ ಹಾಕಿರ್ಬೇಕು. ಅಲ್ವೇನೋ?’

‘ಇರಬಹುದು’ ಎಂದೆ.

ಕಾಗದದ ಮೇಲೆ ಬರೆದದ್ದು ತಿಳಿಯದೆ ಆದದ್ದು. ಇದು ತಿಳಿದೇ ಆಡಿದ ಮಾತು.

ಮುಂದಿನ ಮೀಟಿಂಗಿನಲ್ಲಿ ಅಕ್ಕ ಎದ್ದು ನಿಂತು ಎಣಿಸುವ ನಿಯಮವೇ ಸರಿಯಲ್ಲ ಎಂದು ವಾದಿಸಿದಳು. ಬರೆದ ಅಂಕಿಯನ್ನೆಲ್ಲ ಓದಬೇಕು, ಕೆಲವರ ಎರಡನ್ನು ಮಾತ್ರ ಓದಿ ಉಳಿದವರದನ್ನು ಹಾಗೇ ಕಟ್ಟಿಡುವುದು ಯಾವ ಲೆಕ್ಕ ಎಂದಳು. ಆ ಮುದುಕಿ ತಾಳ್ಮೆಯಿಂದ ಕೇಳಿಸಿಕೊಂಡರು. ಎಲ್ಲ ಅಂಕಿಗೂ ಬೆಲೆ ಕಟ್ಟಿ ಕೂಡಿಸಿದರೆ ಜನ ಬೇಕೆಂದೇ ಎದುರಾಳಿಯನ್ನು ಕೊನೆಗೆ ಹಾಕಿ ಆಟ ಆಡುತ್ತಾರೆ, ಯಾವ ನಿಯಮ ಮಾಡಿದರೂ ಒಬ್ಬರಿಗೆ ನೋವಾಗುತ್ತದೆ ಎಂದರು. ಆಮೇಲೆ ಕೇಳಿದರು, ಎಣಿಸುವ ರೀತಿ ಎಲ್ಲ ಮೆಂಬರ್‌ಗಳಿಗೂ ಅರ್ಥವಾಗಿತ್ತೇ ಎಂದು. ಅಕ್ಕ ನನ್ನ ಕಡೆ ಕೈ ತೋರಿಸಿದಳು. ನನ್ನ ತಮ್ಮ ಹತ್ತನೇ ಕ್ಲಾಸ್ ಪಾಸಾಗಿಲ್ಲ, ನಾನೇ ಹೇಳಿಕೊಟ್ಟೆ, ಅವನಿಗೂ ಅರ್ಥವಾಗಿತ್ತು ಎಂದಳು. ಎಲ್ಲರೂ ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಎಲ್ಲರೂ ತಿಳಿದೇ ಹಾಕಿದ ವೋಟು ಎಂದಾಗಿ ಅವಳ ವಾದ ಬಿದ್ದುಹೋಯಿತು.

ಗೆಳತಿಯ ಜೊತೆ ಅಕ್ಕ ಮಾತು ಬಿಟ್ಟಳು. ಜಗಳವಿಲ್ಲ, ಫೋನ್ ತೆಗೆಯಲಿಲ್ಲ ಅಷ್ಟೇ. ಆಕೆ ಒಮ್ಮೆ ಹ್ಯಾರಿಸ್ ಪಾರ್ಕ್‌ನಲ್ಲಿ ನನ್ನನ್ನು ಹುಡುಕಿಕೊಂಡು ಬಂದು, ‘ನಿಮ್ಮ ಅಕ್ಕ ಎಂತ ಫೋನ್ ತೆಗೆಯುವುದಿಲ್ಲ ಮಾರಾಯ? ನಾನು ಎಂತ ಮಾಡಿದ್ದು?’ ಎಂದು ಕೇಳಿದರು. ಆಫೀಸಿನಲ್ಲಿ ತುಂಬಾ ಕೆಲಸ ಎಂದೆ. ಅವರು ನಂಬಲಿಲ್ಲ. ಮತ್ತೆ ಕೇಳಲೂ ಇಲ್ಲ.

ಮರುವರ್ಷ ಭಾವನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಇಲ್ಲದಿದ್ದರೂ ಅಕ್ಕ ಸಿಡ್ನಿ ಬಿಡುತ್ತಿದ್ದಳೇನೋ. ಅಲ್ಲಿ ಅವಳು ಯಾವ ಬ್ರಾಂಚಿಗೂ ಸೇರಲಿಲ್ಲ. ಮಗುವಿನ ಸ್ಕೂಲಿನವರು ಪೇರೆಂಟ್ಸ್ ಕಮಿಟಿಗೆ ಕರೆದರೂ ಹೋಗಲಿಲ್ಲವೆಂದು ಭಾವ ಫೋನಿನಲ್ಲಿ ಹೇಳಿದರು. ‘ಜನ ಮುಖದ ಮುಂದೆ ನಗ್ತಾರೆ, ಹಿಂದೆ ಬೇರೆ ಮಾಡ್ತಾರೆ ಅಂತಾಳೆ’ ಎಂದರು. ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಅವಳು ಕಳೆದುಕೊಂಡದ್ದು ಒಂದು ಸೀಟು ಎಂದುಕೊಂಡಿದ್ದೆ. ಅಷ್ಟಕ್ಕೇ ನಿಂತಿರಲಿಲ್ಲ.

ರಜೆ ಹಾಕಿ ಮೆಲ್ಬರ್ನ್‌ಗೆ ಹೋದೆ. ಟಾರ್ನೀಟ್‌ನ ಅವರ ಮನೆಯ ಅಡುಗೆಮನೆಯಲ್ಲಿ ಮಧ್ಯಾಹ್ನ ಅಕ್ಕ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿಡುತ್ತಿದ್ದೆ. ಅವಳ ಮುಖ ನೋಡದೆ ಹೇಳುವುದು ಸುಲಭವೆಂದು ಆಗಲೇ ಹೇಳಿದೆ.

‘ಅಕ್ಕ, ಆ ಒಂದು ವೋಟು ನಂದು. ಅಂಕಲ್‌ಗೆ ಹಾಕ್ದೆ. ಎರಡೂ ಎಣಿಸ್ತಾರೆ ಅಂದ್ಕೊಂಡಿದ್ದೆ.’

ನಲ್ಲಿ ನಿಲ್ಲಿಸಿದಳು. ‘ನನಗೆ ಎಷ್ಟು ಹಾಕಿದ್ದೆ?’

‘ಎರಡು.’

ಅವಳು ಕೈ ಒರೆಸಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ‘ಅದು ಹೋಗ್ಲಿ. ನಾನು ಸರಿಯಾಗಿ ಹೇಳ್ಕೊಡ್ಲಿಲ್ಲ ಅನ್ಕೋತೀನಿ’ ಎಂದಳು. ‘ಕಾರಲ್ಲಿ ಕೇಳಿದ್ನಲ್ಲ, ಅವಳಾ ಅಂತ. ಇರಬಹುದು ಅಂದೆ. ಅದ್ಯಾಕೋ?’

ನಾನು ಒರೆಸಿದ್ದ ತಟ್ಟೆಯನ್ನೇ ಮತ್ತೆ ಒರೆಸಿದೆ. ಅಕ್ಕ ಫೋನ್ ತೆಗೆದುಕೊಂಡು ಗೆಳತಿಯ ನಂಬರ್ ಒತ್ತಿದಳು. ಅದನ್ನು ಅಳಿಸಿರಲಿಲ್ಲ. ಆ ಕಡೆಯಿಂದ ಹಲೋ ಕೇಳಿಸಿದ ಕೂಡಲೇ ಅದನ್ನು ಸ್ಪೀಕರಿಗೆ ಹಾಕಿದಳು. ಫೋನನ್ನು ನನ್ನ ಕೈಗಿಟ್ಟು, ನೀನೇ ಹೇಳು ಎಂಬಂತೆ ನೋಡಿದಳು. ಹೇಳಿದೆ. ಈ ಸಲ ಏನನ್ನೂ ಬಿಡಲಿಲ್ಲ.

ಆಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ‘ನಾನು ನಿಮ್ಮ ಅಕ್ಕನಿಗೇ ಒಂದು ಹಾಕಿದ್ದು. ಅದನ್ನು ಹೇಳುವ ಅಂತ ಎಷ್ಟು ಸಲ ಫೋನ್ ಮಾಡಿದೆ’ ಎಂದರು. ‘ಈಗ ನನಗೆ ಡ್ಯೂಟಿ ಉಂಟು’ ಎಂದು ಫೋನ್ ಇಟ್ಟರು.

ಅಕ್ಕನಿಗೆ ಎಲ್ಲ ಕೇಳಿಸಿತ್ತು. ಆಕೆ ಮತ್ತೆ ಫೋನ್ ಮಾಡುತ್ತಾರೆಂದು ಆ ಸಂಜೆಯೆಲ್ಲ ಕಾದಳು, ಮರುದಿನವೂ ಕಾದಳು. ಫೋನ್ ಬರಲಿಲ್ಲ. ನಾನು ಸಿಡ್ನಿಗೆ ಹೊರಟಾಗ ಅಕ್ಕ ಬಾಗಿಲವರೆಗೆ ಬಂದು, ಎಂದಿನಂತೆ ತಲುಪಿದ ಮೇಲೆ ಮೆಸೇಜ್ ಮಾಡು ಎಂದಳು. ಏರ್‌ಪೋರ್ಟಿಗೆ ಬಿಡಲು ಮಾತ್ರ ಬರಲಿಲ್ಲ.