ಬಲಗಾಲಿನ ಶೂ

ಮೊನ್ನೆ ನಮ್ಮ ಮನೆಯವರ ವರ್ಷದ ತಿಥಿಗೆಂದು ಮನೆ ಗುಡಿಸುವಾಗ ಬಾಗಿಲ ಹಿಂದೆ ಅವರ ಬಿಳಿ ಕ್ಯಾನ್ವಾಸ್ ಶೂ ಸಿಕ್ಕಿತು. ಬಿಳಿ ಎನ್ನುವುದು ಹೆಸರಿಗೆ; ಕೆಮ್ಮಣ್ಣು ನೂಲಿನೊಳಗೇ ಇಳಿದುಬಿಟ್ಟಿದೆ. ತಿರುಗಿಸಿ ನೋಡಿದೆ. ಎಡಗಾಲಿನದು ಇನ್ನೂ ಒಂದು ವರ್ಷ ಬರುವಂತಿದೆ. ಬಲಗಾಲಿನದು ಮಾತ್ರ ಹೆಬ್ಬೆರಳಿನ ಬುಡದಲ್ಲಿ ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ನೀವು ನೋಡಿದ್ದರೆ ಯಾರೋ ಕಾಲೆಳೆದು ನಡೆಯುವವರ ಶೂ ಎಂದುಕೊಳ್ಳುತ್ತಿದ್ದಿರಿ. ಅವರ ಕಾಲು ಸರಿಯಾಗಿಯೇ ಇತ್ತು.

ಸಾಗರದ ಒಂದು ಕ್ಲಬ್ಬಿನಲ್ಲಿ ಟೆನಿಸ್ ಕೋರ್ಟ್ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಕೆಮ್ಮಣ್ಣಿನ ನೆಲ. ಮಳೆಗಾಲ ಪೂರ್ತಿ ಅದರ ಮೇಲೆ ಅಡಿಕೆಯ ಸೋಗೆ ಹೊದಿಸಿಡುತ್ತಿದ್ದರು. ಮಳೆ ಬಿಟ್ಟ ಮೇಲೆ ಸೋಗೆ ತೆಗೆದು, ಕಲ್ಲಿನ ರೋಲರ್ ಎಳೆದು, ಸುಣ್ಣದ ಗೆರೆ ಹಾಕುವರು. ಚೆಂಡು ಬಿದ್ದಲ್ಲೆಲ್ಲ ಅಂಥ ನೆಲದಲ್ಲಿ ಒಂದು ಗುರುತು ಮೂಡುತ್ತದೆ. ಅದನ್ನು ಆಗಿಂದಾಗಲೇ ಬಲಗಾಲಿನಿಂದ ಉಜ್ಜಿಬಿಡಬೇಕು ಎನ್ನುವುದು ಅವರ ಕಟ್ಟಳೆ. “ಗುರುತು ಬಿಟ್ರೆ ನೀರು ನಿಲ್ಲತ್ತೆ. ಕೊಳೆರೋಗ ಬರೋದು ಅಡಿಕೆಗೊಂದೇ ಅಲ್ಲ, ನೆಲಕ್ಕೂ ಬರತ್ತೆ” ಎನ್ನುವರು. ಕಲಿಯಲು ಬಂದವರಿಗೆ ರಾಕೆಟ್ ಹಿಡಿಯುವುದಕ್ಕಿಂತ ಮೊದಲು ಕಲಿಸುತ್ತಿದ್ದದ್ದು ಇದನ್ನೇ. ನಮ್ಮ ಮಗಳು ಸಿಂಚನ ಅಡುಗೆಮನೆಯಲ್ಲಿ ಹಿಟ್ಟು ಚೆಲ್ಲಿದರೂ ಕಾಲಿನಲ್ಲಿ ಉಜ್ಜಿ ನನ್ನಿಂದ ಬೈಸಿಕೊಂಡಿದ್ದಾಳೆ.

ನನಗೆ ಆ ಆಟ ಕೊನೆಗೂ ತಲೆಗೆ ಹತ್ತಲಿಲ್ಲ. ಮೇಳಿಗೆ ಎಂಬ ಹಳ್ಳಿಯಲ್ಲಿ ಹುಟ್ಟಿದವಳು, ಶಾಲೆಯಲ್ಲಿ ಕೊಕ್ಕೋ ಆಡಿದ್ದೆ, ಅಷ್ಟೇ. “ಹದಿನೈದು, ಮೂವತ್ತು ಆದ್ಮೇಲೆ ನಲವತ್ತೈದು ಬರ್ಬೇಕಲ್ರೀ, ನಲವತ್ತು ಹೆಂಗೆ?” ಎಂದು ಒಮ್ಮೆ ಕೇಳಿದ್ದೆ. “ಐದನ್ನ ಅಡಿಕೆ ಮಂಡಿಯವ್ರು ಮುರ್ಕೊಂಡ್ರು ಕಣೆ” ಎಂದಿದ್ದರು, ನಗದೆ. ನಾನು ತುಂಬ ದಿನ ಅದನ್ನು ಅರ್ಧ ನಂಬಿಕೊಂಡಿದ್ದೆ.

ಹದಿನಾರು ತುಂಬಿದ ವರ್ಷ ಸಿಂಚನ ಹೊರದೇಶಕ್ಕೆ ಆಡಲು ಹೋದಳು. ಬೇರೆ ಬೇರೆ ದೇಶಗಳ ಎಳೆಯರು ಈಜು, ಓಟ, ಟೆನಿಸ್ ಎಂದು ಹತ್ತಾರು ಆಟಗಳಿಗೆ ಸೇರುವ ದೊಡ್ಡ ಕೂಟ. ನಾನು ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟೆ. ಬಸ್ ಸ್ಟ್ಯಾಂಡಿನವರೆಗೆ ಅವರೊಬ್ಬರೇ ಹೋಗಿ ಬಿಟ್ಟು ಬಂದರು.

ಅವಳ ಎರಡನೆಯ ಪಂದ್ಯವನ್ನು ಕ್ಲಬ್ಬಿನ ಜಗಲಿಯಲ್ಲಿ ಫೋನನ್ನು ಗೋಡೆಗೆ ಒರಗಿಸಿ ನೋಡಿದೆವು. ಅಲ್ಲಿಯೂ ಕೆಂಪು ನೆಲವೇ. ಸಿಂಚನ ಗೆಲ್ಲಲು ಒಂದೇ ಪಾಯಿಂಟು ಉಳಿದಿತ್ತು. ಎದುರಿನ ಹುಡುಗಿ ಹೊಡೆದ ಚೆಂಡು ಹಿಂದಿನ ಗೆರೆ ದಾಟಿ ಬಿತ್ತು. ಗೆರೆಯ ಹತ್ತಿರ ನಿಂತವರು ಔಟ್ ಎಂದು ಕೈ ಚಾಚಿದರು. ಆ ಹುಡುಗಿ ಒಪ್ಪದೆ ಬೆರಳೆತ್ತಿ, ಗುರುತು ನೋಡಿ ಎಂದಳು. ಅಂಪೈರು ಎತ್ತರದ ಕುರ್ಚಿಯಿಂದ ಇಳಿಯತೊಡಗಿದರು. ಅಷ್ಟರಲ್ಲಿ ನಮ್ಮ ಸಿಂಚನ, ಸಾಗರದಲ್ಲಿ ದಿನವೂ ಮಾಡುತ್ತಿದ್ದಂತೆ, ಬಲಗಾಲು ಚಾಚಿ ಗುರುತನ್ನು ಉಜ್ಜಿಬಿಟ್ಟಳು.

ಪಕ್ಕದಲ್ಲಿದ್ದ, ಕ್ಲಬ್ಬಿನಲ್ಲಿ ಆಡುವ ಡಾಕ್ಟರೊಬ್ಬರು ನನಗೆ ಮೆಲ್ಲಗೆ ಹೇಳಿದರು: “ನೋಡೋಕೆ ಮುಂಚೆ ಗುರುತು ಅಳಿಸಿದ್ರೆ, ಪಾಯಿಂಟು ನಿಂದೇ ಅಂತ ಎದುರಿನವ್ರಿಗೆ ಒಪ್ಕೊಂಡಂಗಮ್ಮ.” ಆಮೇಲೆ ಅವಳು ಹೊಡೆದ ಚೆಂಡುಗಳೆಲ್ಲ ಬಲೆಗೆ ಬೀಳತೊಡಗಿದವು. ಸೋತಳು.

ಮನೆಗೆ ಬಂದು ನಾನು ಅವರಿಗೆ ಕಾಫಿ ಕೊಡುತ್ತ ಹೇಳಿದೆ: “ಮಗಳನ್ನ ಸೋಲ್ಸಿದ್ದು ಆ ಹುಡುಗಿ ಅಲ್ಲ. ನಿಮ್ಮ ಕಾಲು.”

ಅವರು ಲೋಟವನ್ನು ಕೆಳಗಿಟ್ಟರು. “ಹೌದು ಕಣೆ” ಎಂದರು. ಅಷ್ಟೇ.

ಅಂದಿನಿಂದ ಅವರು ಗುರುತನ್ನು ಕಾಲಿನಿಂದ ಉಜ್ಜಲಿಲ್ಲ. ಪ್ರತಿ ಸಲ ಮೂಲೆಗೆ ಹೋಗಿ ಪೊರಕೆ ತಂದು, ಬಗ್ಗಿ ಗುಡಿಸುವರು. ಶೂ ಬಾಗಿಲ ಹಿಂದೆ ಸೇರಿತು. ಚಪ್ಪಲಿ ಮೆಟ್ಟಿ ಹೋಗತೊಡಗಿದರು. ಆ ಮಾತನ್ನು ಹಿಂದೆ ತೆಗೆದುಕೊಳ್ಳಬೇಕೆಂದು ನನಗೆ ಎಷ್ಟೋ ಸಲ ಅನಿಸಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ ಅನಿಸುವುದು, ಅವರು ಊಟಕ್ಕೆ ಕೂತಾಗ ಮರೆತುಹೋಗುವುದು. ಇನ್ನೂ ದಿನ ಇದೆ ಎನ್ನುವ ಧೈರ್ಯ. ಹೋದ ವರ್ಷ ಸೋಗೆ ತೆಗೆಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಸಿಂಚನ ಈಗ ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಆಟದ ಟೀಚರು. ತಿಥಿಗೆ ಬಂದವಳು ಆ ಶೂವನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ಬಸ್ ಸ್ಟ್ಯಾಂಡಲ್ಲಿ ಅಪ್ಪ ಮೂರು ಸಲ ಹೇಳಿದ್ರಮ್ಮ. ಅಲ್ಲಿ ಕಾಲು ಹಾಕ್ಬೇಡ ಮಗಾ, ಉಜ್ಜಿದ್ರೆ ಪಾಯಿಂಟು ಅವ್ರಿಗೆ ಕೊಟ್ಟಂಗೆ ಅಂತ. ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರ್ಲಿಲ್ಲ.”

ನನ್ನ ಕೈಯಲ್ಲಿದ್ದ ಬಾಳೆಎಲೆ ಕೈಯಲ್ಲೇ ಉಳಿಯಿತು. “ಹೇಳಿದ್ರಾ? ನಂಗೆ ಒಂದು ಮಾತೂ ಅನ್ಲಿಲ್ಲ.”

“ನಾನು ಸೋತು ಬಂದ್ಮೇಲೆ, ಅಮ್ಮಂಗೆ ಹೇಳ್ಬೇಡ ಅಂದಿದ್ರು. ಅಮ್ಮ ನಿನ್ಮೇಲೆ ಬೇಜಾರು ಮಾಡ್ಕೊಂಡ್ರೆ ನೀನು ಆಟ ಬಿಡ್ತೀಯ. ನನ್ಮೇಲೆ ಮಾಡ್ಕೊಂಡ್ರೆ ನಂಗೆ ಅಭ್ಯಾಸ ಇದೆ ಅಂದ್ರು.” ಹೇಳುತ್ತ ಅವಳು ನಕ್ಕಳು. ನನಗೆ ನಗಲು ಆಗಲಿಲ್ಲ. ಕಾಫಿಯ ಹೊತ್ತಿನ ಆ ಮಾತನ್ನು ಅವಳಿಗೆ ಹೇಳಲೂ ಆಗಲಿಲ್ಲ.

ಇವತ್ತು ಅವಳು ತೀರ್ಥಹಳ್ಳಿಗೆ ಹೊರಟ ಮೇಲೆ ನಾನು ಕ್ಲಬ್ಬಿನ ಕಡೆ ನಡೆದೆ. ಆಟ ಮುಗಿದು ಎಲ್ಲರೂ ಹೋಗಿದ್ದರು. ಈಗ ನೋಡಿಕೊಳ್ಳುವವರು ಸಂಜೆ ಒಂದು ಸಲ ನೆಲದ ಮೇಲೆ ಗೋಣಿ ಎಳೆದು ಮುಗಿಸುತ್ತಾರೆ. ಅಲ್ಲಿಯವರೆಗೆ ಗುರುತುಗಳೆಲ್ಲ ಹಾಗೇ ಇರುತ್ತವೆ. ಹಿಂದಿನ ಗೆರೆಯಿಂದ ಎರಡು ಬೆರಳಿನಷ್ಟು ಆಚೆ ಒಂದಿತ್ತು. ಬಗ್ಗಿ ಅದನ್ನು ನೋಡುವಾಗ ಡಾಕ್ಟರು ಅಂದು ಹೇಳಿದ್ದು ನೆನಪಾಯಿತು.

ಆಮೇಲೆ ಚಪ್ಪಲಿ ಬಿಟ್ಟು, ಬಲಗಾಲು ಮುಂದಿಟ್ಟು, ಅದನ್ನು ಉಜ್ಜಿದೆ. ಪಾಯಿಂಟು ನಮ್ಮ ಮನೆಯವರದು.