ಹೊಳೆಯುವ ಔಷಧಿಗೆ ಕಾಯದ ಡೊರೊತಿ

ಅಬುಧಾಬಿಯ ಖಾಲಿದಿಯಾ ಬಡಾವಣೆಯ ಒಂದು ದೊಡ್ಡ ಹೋಟೆಲಿನ ಸಿಹಿತಿಂಡಿ ವಿಭಾಗಕ್ಕೆ ಡೊರೊತಿಯೇ ಯಜಮಾನಿ. ಊರು ಕುಂದಾಪುರದ ಕಡೆ. ಗಂಡ ತೀರಿಕೊಂಡ ಮೇಲೆ ಅಬುಧಾಬಿಗೆ ಬಂದು, ಪಾತ್ರೆ ತೊಳೆಯುವಲ್ಲಿಂದ ಶುರುಮಾಡಿ ಕೇಕು, ಕುನಾಫಾದಂಥ ಅರಬ್ಬಿ ಸಿಹಿಗಳ ತನಕ ಏರಿದವಳು. ಬಾಯಿ ಜೋರು. ಸಕ್ಕರೆ ಕಾಯಿಲೆ ಬಂದಾಗಲೂ, "ದಿನವಿಡೀ ಪಾಕ ಕಾಯಿಸುವವಳಿಗೆ ಇನ್ನೆಂತ ಬರ್ತದೆ?" ಎಂದು ನಕ್ಕಿದ್ದಳು.

೨೦೧೪ರ ಬೇಸಿಗೆಯಲ್ಲಿ ಪಾದ ಊದಿಕೊಂಡು ಬೂಟಿನೊಳಗೆ ಹೋಗದಾದಾಗ ನಗು ನಿಂತಿತು. ಕಾಯಿಲೆ ಕಿಡ್ನಿಗೆ ಇಳಿದಿದೆ, ಮೂತ್ರದಲ್ಲಿ ಪ್ರೊಟೀನ್ ಸೋರಿಹೋಗುತ್ತಿದೆ ಎಂದರು ಡಾಕ್ಟರು.

ದುಬೈಯ ದೇರಾದಲ್ಲಿದ್ದ ತಮ್ಮ ರೇಮಂಡ್ ಫೋನಿನಲ್ಲೇ ಅತ್ತುಬಿಟ್ಟ. "ಸಾಕು ಅಕ್ಕ. ಊರಿಗೆ ಹೋಗಿ ಆರಾಮಾಗಿ ಇರು."

"ಯಾಕೆ ಮಾರಾಯ, ನನ್ನನ್ನು ಈಗಲೇ ಮಣ್ಣು ಮಾಡ್ತೀಯಾ?" ಎಂದು ಫೋನಿಟ್ಟಳು.

ಹೋಟೆಲಿನ ಎಚ್‌ಆರ್ ಮೇಡಂ ಸುಸನ್ ಕೂಡ ಕರೆಸಿ ಮೆತ್ತಗೆ ಅದೇ ಮಾತಾಡಿದರು: ಆರೋಗ್ಯ ಮುಖ್ಯ, ವೀಸಾ ಕ್ಯಾನ್ಸಲ್ ಮಾಡಿಸಿ ಹೊರಡುವುದು ಒಳ್ಳೆಯದು.

"ಮೇಡಂ, ನನ್ನ ಕಿಡ್ನಿ ನಾನು ನೋಡಿಕೊಳ್ತೇನೆ. ನಿಮ್ಮ ಅಡುಗೆಮನೆಯಲ್ಲಿ ನನ್ನಿಂದ ಒಂದು ಕೆಲಸವಾದರೂ ನಿಂತಿದ್ದರೆ ಹೇಳಿ, ನಾಳೆಯೇ ಹೋಗ್ತೇನೆ."

ಸುಸನ್ ಆ ಮಾತನ್ನು ಅಲ್ಲಿಗೇ ಬಿಟ್ಟರು. ಸಿಹಿಯ ರುಚಿ ನೋಡುವ ಅಗತ್ಯವಿಲ್ಲದ ಬ್ರೆಡ್ ವಿಭಾಗವನ್ನು ಡೊರೊತಿ ಕೇಳಿ ಪಡೆದಳು.

ರೇಮಂಡನ ಮಗಳು ಆನ್ ಮರಿಯಾ ಅಬುಧಾಬಿಯ ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸಂಶೋಧಕಿ. ಆ ಚಳಿಗಾಲ ಸಾರ್ವಜನಿಕರಿಗೆ ಲ್ಯಾಬ್ ತೆರೆದ ದಿನ ಅವಳು ಆಂಟಿಯನ್ನು ಕರೆದೊಯ್ದಳು. ಪರದೆಯ ಮೇಲೆ ಇಲಿಯ ಚಿತ್ರ. ಮೈಯೆಲ್ಲ ಕಪ್ಪು, ಬೆನ್ನಿನ ಎರಡು ಬದಿಯಲ್ಲಿ ಮಾತ್ರ ಅವರೆಕಾಳಿನಂಥ ಎರಡು ಬೆಳಕು.

"ಅದು ಕಿಡ್ನಿ, ಆಂಟಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೊಳಗೆ ಔಷಧಿ ತುಂಬಿದ್ದೇವೆ. ಜೊತೆಗೆ ಹೊಳೆಯುವ ಬಣ್ಣ. ಔಷಧಿ ಮೈಯೆಲ್ಲ ಚೆಲ್ಲಾಡದೆ ಕೆಟ್ಟ ಕಿಡ್ನಿಗೇ ಹೋಯ್ತಾ ಅಂತ ಹೀಗೆ ನೋಡಬಹುದು."

ಡೊರೊತಿ ಪರದೆಯಿಂದ ಕಣ್ಣು ಕೀಳಲಿಲ್ಲ. "ನನಗೆ ಯಾವಾಗ?"

ಆನ್ ಮರಿಯಾ ಸುಳ್ಳು ಹೇಳಲಿಲ್ಲ. "ಇದು ಇಲಿಗೆ ಮಾತ್ರ. ಮನುಷ್ಯರಿಗೆ ಬರಲು ಹತ್ತು ವರ್ಷ ಆಗಬಹುದು. ಬಾರದೆಯೂ ಇರಬಹುದು."

"ಹತ್ತು ವರ್ಷವಾ? ಸರಿ, ಅಷ್ಟು ವರ್ಷ ಈ ಕಿಡ್ನಿಯನ್ನು ನಾನೇ ಎಳೆದುಕೊಂಡು ಹೋಗ್ತೇನೆ. ಬಂದರೆ ಬರಲಿ, ಬಾರದಿದ್ದರೆ ಅದರ ಕರ್ಮ."

ಅಲ್ಲಿಂದ ಅವಳ ಹಟ ಶುರುವಾಯಿತು. ಒಣಮೀನು, ಉಪ್ಪಿನಕಾಯಿ ಬಿಟ್ಟಳು. ಅದಕ್ಕೆ ಮಾತ್ರ ತುಂಬಾ ಗೋಳಾಡಿದಳು. ಬಿಪಿ ಮಾತ್ರೆ, ಇನ್ಸುಲಿನ್ ತಪ್ಪಿಸಲಿಲ್ಲ. ಕಿಡ್ನಿ ಶುದ್ಧವಾಗುತ್ತದೆಂದು ರೇಮಂಡ್ ಯಾರಿಂದಲೋ ತಂದ ಬೇರಿನ ಪುಡಿಯನ್ನು ಅವನೆದುರೇ ಕಸದ ಬುಟ್ಟಿಗೆ ಸುರಿದಳು. "ಇಲಿಗೂ ಪರೀಕ್ಷೆ ಮಾಡಿ ಕೊಡ್ತಾರೆ. ನಾನು ಇಲಿಗಿಂತ ಕಡೆಯಾ?"

ಕೆಲವು ವರ್ಷಗಳ ನಂತರ ಆನ್ ಮರಿಯಾ ಸೋತ ಮುಖ ಹೊತ್ತು ಬಂದಳು. ಮುಂದಿನ ಪ್ರಯೋಗಗಳಲ್ಲಿ ಕಣಗಳು ಕಿಡ್ನಿ ಮುಟ್ಟದೆ ಹೆಚ್ಚಾಗಿ ಲಿವರಿನಲ್ಲೇ ಸಿಕ್ಕಿಕೊಂಡು ಬೆಳಗಿದ್ದವು. ಯೋಜನೆ ಖಲಾಸ್.

"ಸಾರಿ ಆಂಟಿ," ಎಂದು ಅಳತೊಡಗಿದಳು.

"ಅಳುವುದೆಂತದಕ್ಕೆ? ಎಲ್ಲಿ ದಾರಿ ತಪ್ಪಿತು ಅಂತ ಬೆಳಕೇ ತೋರಿಸಿತಲ್ಲ? ಇನ್ನೊಮ್ಮೆ ಮಾಡು. ನೀನಲ್ಲದಿದ್ದರೆ ಇನ್ನೊಬ್ಬರು ಮಾಡ್ಲಿ," ಎಂದು ಗದರಿ ಚಹಾ ಕೊಟ್ಟಳು ಡೊರೊತಿ.

ಕಿಡ್ನಿ ಸುಧಾರಿಸಲಿಲ್ಲ, ಆದರೆ ಡಾಕ್ಟರು ಹೆದರಿದ ವೇಗದಲ್ಲಿ ಕೆಡಲೂ ಇಲ್ಲ. ೨೦೧೯ರಲ್ಲಿ ಅವರು ಮೊದಲ ಬಾರಿ ಡಯಾಲಿಸಿಸ್ ಮಾತೆತ್ತಿ, ಮುಂದೊಂದು ದಿನ ಬೇಕಾಗಬಹುದು ಎಂದರು. ಡೊರೊತಿ ಬ್ಯಾಗು ಹೆಗಲಿಗೇರಿಸಿ ಎದ್ದಳು.

"ಆ ದಿನ ಬಂದಾಗ ನೋಡುವ ಡಾಕ್ಟ್ರೇ. ಡ್ಯೂಟಿ ಮುಗಿದ ಮೇಲಿನ ಹೊತ್ತನ್ನೇ ಕೊಡಿ. ಬ್ರೆಡ್ಡಿನ ಹಿಟ್ಟು ನನಗೋಸ್ಕರ ಕಾಯುವುದಿಲ್ಲ."