ಹಳದಿ ಹಸು ದಡ ಸೇರಿದ್ದು

ಆಸ್ಗರ್ ಮೀನಿನ ಕೆಲಸ ಬಿಟ್ಟು ಗಾಳಿಯ ಕೆಲಸಕ್ಕೆ ಸೇರಿಕೊಂಡಾಗ ಡೆನ್ಮಾರ್ಕಿನ ಟ್ಯುಬೊರೋನ್ ಬಂದರಿನಲ್ಲಿ ನಗದೆ ಉಳಿದವರು ಕಡಿಮೆ. ಅಪ್ಪನ ಕಾಲದ ದೋಣಿ ಮಾರಾಟವಾಗಿತ್ತು. ಹೆಂಡತಿ ಬೇರೆಯಾಗಿ ಊರು ಬಿಟ್ಟಿದ್ದಳು. ಅವನು ಚಳಿಗಾಲವಿಡೀ ಕಿಟಕಿಯ ಪಕ್ಕ ಕೂತು ಸಮುದ್ರ ನೋಡುತ್ತಿದ್ದ. ಅಷ್ಟರಲ್ಲಿ ಡೆನ್ಮಾರ್ಕ್, ನಾರ್ವೆ, ಪೋರ್ಚುಗಲ್‌ಗಳ ಸಂಶೋಧಕರು ಒಟ್ಟಿಗೆ ಸೇರಿ, ಕಡಲಿನ ನಡುವೆ ವಿದ್ಯುತ್ ತೆಗೆಯುವ ಗಾಳಿಯಂತ್ರಗಳನ್ನು ನಿಲ್ಲಿಸುವ ಮೊದಲು ಅಲ್ಲಿನ ಗಾಳಿಯ ಸ್ವಭಾವ ತಿಳಿಯಬೇಕೆಂದು ಒಂದು ತೇಲುಯಂತ್ರವನ್ನು ತಂದು ಆಳದ ನೀರಿನಲ್ಲಿ ಸರಪಳಿಯಿಂದ ಕಟ್ಟಿದರು. ಅಲ್ಲಿಗೆ ಹೋಗಿಬರಲು ದೋಣಿ ನಡೆಸುವವನೊಬ್ಬ ಬೇಕಾಗಿತ್ತು.

ಹಳದಿ ಬಣ್ಣದ ಆ ದಪ್ಪ ಯಂತ್ರಕ್ಕೆ ಮೀನು ಹರಾಜುಕಟ್ಟೆಯ ಪ್ರೆಬೆನ್ 'ಹಳದಿ ಹಸು' ಎಂದು ಹೆಸರಿಟ್ಟ. ಆಸ್ಗರ್ ಮರಳಿ ಬಂದಾಗಲೆಲ್ಲ ಅವನದೊಂದು ಮಾತು ಕಾದಿರುತ್ತಿತ್ತು.

"ಏನಪ್ಪಾ, ಇವತ್ತು ಗಾಳಿ ಎಷ್ಟು ಕೆಜಿ ಸಿಕ್ತು?"

"ಬಲೆ ತೂತು ಕಣೋ. ಎಲ್ಲಾ ಸೋರಿಹೋಯ್ತು."

ನಿಜಕ್ಕೂ ಗಾಳಿಯೆಂದರೆ ಆಸ್ಗರ್‌ಗೆ ಪ್ರೀತಿಯೇನೂ ಇರಲಿಲ್ಲ. ಚಿಕ್ಕಂದಿನಿಂದ ಅದರ ಜೊತೆ ಗುದ್ದಾಡಿಯೇ ಬದುಕಿದವನು. ಅವನ ಮನಸ್ಸು ಬದಲಾದದ್ದು ಪೋರ್ಚುಗಲ್‌ನಿಂದ ಬಂದ ಸಂಶೋಧಕಿ ಇಯೊಲಾಂಡಳಿಂದ. ಒಂದು ದಿನ ಇಬ್ಬರೂ ಹಸುವಿನ ಬೆನ್ನೇರಿ, ಅದರ ಗಾಜಿನ ಮೇಲಿನ ಉಪ್ಪನ್ನೂ ಹಕ್ಕಿಯ ಹಿಕ್ಕೆಯನ್ನೂ ಒರೆಸುತ್ತಿದ್ದರು.

"ಇಲ್ಲಿಂದ ಮೇಲಕ್ಕೆ ಬೆಳಕು ಹೋಗ್ತಿದೆ, ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೆ," ಎಂದಳು ಅವಳು. "ಮೇಲೆ ತೇಲೋ ಧೂಳಿಗೆ, ಉಪ್ಪಿನ ಹುಡಿಗೆ ತಾಗಿ ವಾಪಸ್ ಬರುತ್ತೆ. ಆ ಹುಡಿ ಎತ್ತ ಹೋಗ್ತಿದೆಯೋ ಗಾಳೀನೂ ಅತ್ತ."

"ಅಷ್ಟು ಮೇಲೆ ಬೇರೆ ಗಾಳಿ ಇರುತ್ತೇನಮ್ಮಾ?"

"ಇರುತ್ತೆ. ಕೆಳಗಿಂದು ಒಂದು ಕಡೆ ಹೋದ್ರೆ ಮೇಲಿಂದು ಇನ್ನೊಂದು ಕಡೆ. ಹೊದಿಕೆ ಮೇಲೆ ಹೊದಿಕೆ ಹಾಸಿದ ಹಾಗೆ."

ಅಂದಿನಿಂದ ಆಸ್ಗರ್ ಕೆಲಸ ಮುಗಿದರೂ ಬೇಗ ಹೊರಡುತ್ತಿರಲಿಲ್ಲ. ಎಂಜಿನ್ ನಿಲ್ಲಿಸಿ ದೋಣಿಯಲ್ಲಿ ಅಂಗಾತ ಮಲಗುತ್ತಿದ್ದ. ಮೇಲೆ ಒಂದರ ಮೇಲೊಂದು ನದಿಗಳು ಹರಿಯುತ್ತಿವೆ, ಯಾವುದಕ್ಕೂ ದಡವಿಲ್ಲ ಅನ್ನಿಸುತ್ತಿತ್ತು. ಕಣ್ಣು ಮುಚ್ಚಿದರೆ ತಾನೂ ಆ ಹುಡಿಯೊಂದಿಗೆ ಎದ್ದು ಒಂದು ಹೊದಿಕೆಯಿಂದ ಇನ್ನೊಂದಕ್ಕೆ ಜಾರುತ್ತಿದ್ದ. ಎಚ್ಚರವಾದಾಗ ಮುಖದ ಮೇಲೆ ಉಪ್ಪು ಕೂತಿರುತ್ತಿತ್ತು.

ಆ ವರ್ಷದ ಶರತ್ಕಾಲದ ಬಿರುಗಾಳಿಗೆ ಸರಪಳಿ ತುಂಡಾಯಿತು. ಹಸು ಕಾಣೆಯಾಯಿತು. ಇರುವ ಜಾಗ ತಿಳಿಸುವ ಅದರ ಆಂಟೆನಾವೂ ಮುರಿದಿರಬೇಕು, ಸುದ್ದಿಯೇ ಇಲ್ಲ. ಆಸ್ಗರ್ ದೋಣಿ ತೆಗೆದುಕೊಂಡು ಉತ್ತರಕ್ಕೆ ಹುಡುಕಿದ, ದಕ್ಷಿಣಕ್ಕೆ ಹುಡುಕಿದ. ಹರಾಜುಕಟ್ಟೆಯಲ್ಲಿ ಈಗ ಯಾರೂ ತಮಾಷೆ ಮಾಡಲಿಲ್ಲ. ಪ್ರೆಬೆನ್ ಸುಮ್ಮನೆ ಒಂದು ಲೋಟ ಕಾಫಿ ತಂದು ಅವನ ಮುಂದಿಟ್ಟ.

ಹಸುವಿನ ಹೊಟ್ಟೆಯ ಮೇಲೆ ಆಸ್ಗರ್‌ನ ಫೋನ್ ನಂಬರು ಬರೆದಿತ್ತು. ಕ್ರಿಸ್‌ಮಸ್ ಹತ್ತಿರವಿದ್ದಾಗ ಆ ಫೋನಿಗೆ ಕರೆ ಬಂತು. ನಾರ್ವೆಯ ಹೆಂಗಸಿನ ದನಿ.

"ನಿಮ್ಮದೊಂದು ಹಳದಿ ವಸ್ತು ನನ್ನ ಕುರಿಗಳ ಹತ್ತಿರ ಬಂದಿದೆ. ಕುರಿಗಳು ಅದನ್ನ ನೆಕ್ತಾ ನಿಂತಿವೆ, ಕರೆದ್ರೂ ಬರಲ್ಲ ಅಂತಿವೆ."

"ಎಲ್ಲಿ? ಯಾವ ಊರು?"

"ಲಿಸ್ತಾ. ಸ್ವಲ್ಪ ನಿಧಾನಕ್ಕೆ ಮಾತಾಡಿ. ಡೆನ್ಮಾರ್ಕಿನೋರು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡೇ ಮಾತಾಡ್ತೀರ."

ಆಸ್ಗರ್ ತಿಂಗಳುಗಳ ನಂತರ ನಕ್ಕಿದ್ದು ಆಗಲೇ.

ಇಯೊಲಾಂಡಳೂ ಅವನೂ ಹಡಗು ಹತ್ತಿ ಹೋದರು. ಬೆಣಚುಕಲ್ಲಿನ ದಡದ ಮೇಲೆ ಹಸು ಒಂದು ಪಕ್ಕಕ್ಕೆ ವಾಲಿ ಕೂತಿತ್ತು. ಫೋನ್ ಮಾಡಿದ್ದ ಗುನ್ವೊರ್ ಹಗ್ಗ ತಂದು ಅದನ್ನು ಬಂಡೆಗೆ ಕಟ್ಟಿಹಾಕಿದ್ದಳು. ಅವಳು ಆ ಊರಿನ ಚರ್ಚಿನಲ್ಲಿ ದೊಡ್ಡ ಕೊಳವೆಗಳ ಆರ್ಗನ್ ವಾದ್ಯ ನುಡಿಸುವವಳು, ಒಂಟಿ ಜೀವ, ಐವತ್ತು ದಾಟಿದವಳು. ಕುರಿಗಳನ್ನು ಗದರಿಸಿ ಅತ್ತ ಅಟ್ಟಿ, ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದು, ದೋಸೆಯಂಥ ಬಿಸಿ ವಾಫೆಲ್ ಮೇಲೆ ಕಂದು ಚೀಸ್ ಇಟ್ಟುಕೊಟ್ಟಳು.

"ಚೀಸ್ ಸಿಹಿ ಇದೆಯಲ್ರೀ," ಎಂದ ಆಸ್ಗರ್. "ನಮ್ಮನೇಲಿ ಸೋಪು ಇದೇ ಬಣ್ಣ."

"ಹಾಗಾದ್ರೆ ಚೆನ್ನಾಗಿ ತಿನ್ನಿ. ಒಳಗೂ ಸ್ವಲ್ಪ ತೊಳೀಲಿ."

ಇಯೊಲಾಂಡ ಇದನ್ನು ಕೇಳಿಸಿಕೊಳ್ಳಲಿಲ್ಲ. ಹಸುವಿನ ಒಳಗಿನ ಪೆಟ್ಟಿಗೆ ತೆಗೆದು ಕಂಪ್ಯೂಟರಿಗೆ ಜೋಡಿಸಿದವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಸರಪಳಿ ಹರಿದ ಮೇಲೂ ಹಸು ಸುಮ್ಮನಿರಲಿಲ್ಲ. ಹೊರಗೆ ಸುದ್ದಿ ಕಳಿಸಲಾಗದಿದ್ದರೂ ಡೆನ್ಮಾರ್ಕಿನ ದಡದುದ್ದಕ್ಕೂ ಉತ್ತರಕ್ಕೆ ಹೋಗಿ, ಕಡಲ ಪ್ರವಾಹದ ಜೊತೆ ತಿರುಗಿ, ನಾರ್ವೆಯ ಕರಾವಳಿ ಹಿಡಿದು ಬರುವ ದಾರಿಯುದ್ದಕ್ಕೂ ಮೇಲಿನ ಗಾಳಿಯನ್ನು ಅಳೆದು ಇಟ್ಟುಕೊಂಡಿತ್ತು. ಅಂಥ ದಾರಿಯಲ್ಲಿ ಅಳೆಯಲು ಯಾವ ದೇಶವೂ ಯೋಚಿಸಿರಲಿಲ್ಲ.

"ಇದು ನಾವು ಕೇಳಿದ್ದಕ್ಕಿಂತ ಚೆನ್ನಾಗಿದೆ," ಎಂದಳು ಅವಳು ಮೆಲ್ಲಗೆ. ಅವಳ ಕಣ್ಣು ಒದ್ದೆಯಾಗಿತ್ತು.

ಯೋಜನೆ ಮುಂದುವರಿಯಿತು, ದೊಡ್ಡದಾಯಿತು. ಲಿಸ್ತಾದಲ್ಲೂ ಅಳತೆಯ ಕೇಂದ್ರವೊಂದು ಬಂತು, ಅದಕ್ಕೆ ದೋಣಿ ನಡೆಸುವವನು ಬೇಕಾದಾಗ ಆಸ್ಗರ್ ತಾನೇ ಹೋಗುವೆನೆಂದ. ಬಾಡಿಗೆಗೆ ಕೋಣೆ ಹುಡುಕಿದ. ವಸಂತದ ಹೊತ್ತಿಗೆ ಆ ಕೋಣೆಯನ್ನು ಬಿಟ್ಟು ಗುನ್ವೊರಳ ಮನೆಗೆ ಬಂದ. ಅವಳು ಆರ್ಗನ್ ಅಭ್ಯಾಸ ಮಾಡುವಾಗ ಅವನು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಕೊಳವೆಗಳಲ್ಲಿ ಓಡುವುದೂ ಗಾಳಿಯೇ ಎಂದು ಅವಳು ಹೇಳಿದಾಗ, ಇಷ್ಟು ದಿನ ಅದು ತನಗೆ ಹೊಳೆಯಲೇ ಇಲ್ಲವಲ್ಲ ಎಂದುಕೊಂಡ.

ವರ್ಷಗಳು ಕಳೆದ ಮೇಲೆ, ಹಸು ಮೊದಲು ನಿಂತಿದ್ದ ನೀರಿನಲ್ಲಿ ಗಾಳಿಯಂತ್ರಗಳು ಎದ್ದವು. ಮೊದಲ ಸಲ ರೆಕ್ಕೆ ತಿರುಗುವ ದಿನ ಆಸ್ಗರ್ ಗುನ್ವೊರಳನ್ನು ಟ್ಯುಬೊರೋನಿಗೆ ಕರೆದುಕೊಂಡು ಬಂದು ಅಲ್ಲಿಂದ ದೋಣಿಯಲ್ಲಿ ಹೊರಟ. ಅಂದು ಗಾಳಿ ಮೆಲ್ಲಗಿತ್ತು, ನೀರಿನ ಮೇಲೆಲ್ಲ ಮಂಜು ಹಾಲಿನಂತೆ ಕವಿದಿತ್ತು. ಒಂದು ಕಂಬವೂ ಕಾಣಲಿಲ್ಲ. ಅವನು ಎಂಜಿನ್ ನಿಲ್ಲಿಸಿದ.

"ಏನೂ ಕಾಣಿಸ್ತಿಲ್ಲ ಮಾರಾಯ, ಇಷ್ಟು ದೂರ ಕರಕೊಂಡು ಬಂದೆ," ಎಂದಳು ಅವಳು.

"ಸುಮ್ನಿದ್ದು ಕೇಳು."

ಮಂಜಿನ ಒಳಗೆ, ಮೇಲೆ, ದೊಡ್ಡದೇನೋ ನಿಧಾನವಾಗಿ ಉಸಿರಾಡುತ್ತಿತ್ತು. ಒಂದು ಉಸಿರು, ಮತ್ತೆ ಇನ್ನೊಂದು.

ಬಹಳ ಹೊತ್ತಿನ ಮೇಲೆ ಅವನು ತಿರುಗಿ ನೋಡಿದರೆ ಗುನ್ವೊರ್ ಅವನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಅವಳನ್ನು ಎಬ್ಬಿಸದೆ, ಎಂಜಿನ್ನೂ ಹಚ್ಚದೆ, ಪ್ರವಾಹ ಒಯ್ದತ್ತ ದೋಣಿಯನ್ನು ಬಿಟ್ಟುಕೊಂಡು ಆಸ್ಗರ್ ಕೂತೇ ಇದ್ದ.